ದೀಪ ಹಚ್ಚಿದ ಮೇಲಿನ ಕಸ

ಬೈಲಹೊಂಗಲದ ಹಳೆಯ ಓಣಿಗಳಲ್ಲಿ ನಳಕ್ಕೆ ನೀರು ಬರುವುದಕ್ಕೆ ಇಂಥದೇ ಹೊತ್ತು ಎಂದಿಲ್ಲ. ಬಂದಾಗ ಯಾರಾದರೊಬ್ಬರು ಕೂಗುತ್ತಾರೆ. ಆ ಸಂಜೆ ಕೂಗಿದವಳು ಎದುರುಮನೆಯ ಗುರವ್ವ.

"ಏ ರಾಜೇಶ್ವರೀ, ನೀರ ಬಂತ ನೋಡವಾ! ಕೊಡ ತಗೊಂಡ ಬಾ ಲಗೂನ!"

ರಾಜೇಶ್ವರಿ ಆಗ ಪಡಸಾಲೆಯ ಕಿಟಕಿಯ ಬಳಿ ಸೂಕ್ಷ್ಮದರ್ಶಕದ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದಳು. ಮುಂದಿನ ಗಾಜಿನ ಪಟ್ಟಿಯ ಮೇಲೆ ಒಂದು ಕಪ್ಪು ಗುಂಡು. ಒಂದು ಗಸಗಸೆ ಕಾಳನ್ನು ಐದಾರು ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟಿದ್ದೀತು. ಅಂಟಾರ್ಕ್ಟಿಕಾದಿಂದ ತಂದ ಹಿಮವನ್ನು ಕರಾವಳಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಕರಗಿಸಿ, ಆ ನೀರನ್ನು ಸೋಸಿದಾಗ ಉಳಿದ ಗಸಿಯಲ್ಲಿ ಸಿಕ್ಕ ಗುಂಡು ಅದು. ಎಂದೋ ಬಾನಿನಿಂದ ಬೀಳುವಾಗ ಗಾಳಿಯ ತಿಕ್ಕಾಟಕ್ಕೆ ಕರಗಿ, ಮತ್ತೆ ತಣಿದು ದುಂಡಗಾದ ಉಲ್ಕಾಧೂಳಿನ ಕಣ. ಇಂಥ ಕಣಗಳಲ್ಲಿ ಹೆಚ್ಚಿನವು ಕಲ್ಲಿನ ಜಾತಿಯವು. ಇದು ಕಬ್ಬಿಣದ್ದು. ಒಂದು ಬದಿಗೆ ನಿಕಲ್ಲಿನ ಹೊಳೆಯುವ ಚುಕ್ಕೆ ಹೊರಚಾಚಿದ್ದರಿಂದ ಅವಳು ಅದಕ್ಕೆ ಮೂಗುಬಟ್ಟು ಎಂದು ಹೆಸರಿಟ್ಟಿದ್ದಳು. ಅವಳ ಪಾಲಿಗೆ ಬಂದ ಗಸಿಯಲ್ಲಿ ಅಂಥದ್ದು ಅದೊಂದೇ.

ಮರುದಿನ ಬೆಳಿಗ್ಗೆ ಧಾರವಾಡದ ಪ್ರಯೋಗಾಲಯದಲ್ಲಿ ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕಿತ್ತು. ಆ ಯಂತ್ರದ ಸರದಿ ತಪ್ಪಿದರೆ ಮತ್ತೆ ಸಿಗುವುದು ಮಳೆಗಾಲ ಕಳೆದ ಮೇಲೆ. ಅದಕ್ಕೇ ಗುಂಡನ್ನು ಗಾಜಿನಿಂದ ಎತ್ತಿ, ಅಂಗಿಯ ಗುಂಡಿಯಷ್ಟಿರುವ ಅಲ್ಯೂಮಿನಿಯಂ ಬಿಲ್ಲೆಯ ಅಂಟಿನ ಮೇಲೆ ಕೂರಿಸುವ ತಯಾರಿ ನಡೆಸಿದ್ದಳು. ಗಾಜಿನ ಮುಚ್ಚಳ ತೆಗೆದಾಗಿತ್ತು. ಒಂದೇ ಒಂದು ಕೂದಲುಳಿಸಿ ಮಿಕ್ಕಿದ್ದನ್ನೆಲ್ಲ ಕತ್ತರಿಸಿದ ಕುಂಚ ಕೈಯಲ್ಲಿತ್ತು.

"ರಾಜೇಶ್ವರೀ! ಆಮ್ಯಾಲ ಅತ್ತರ ಬರಂಗಿಲ್ಲ ನೀರ!"

ಅತ್ತೆ ಸಾವಿತ್ರೆವ್ವನಿಗೆ ಮೊಣಕಾಲು ನೋವು, ಕೊಡ ಎತ್ತುವ ಹಾಗಿಲ್ಲ. ರಾಜೇಶ್ವರಿ ಸುತ್ತ ನೋಡಿದಳು. ಕಿಟಕಿ ಮುಚ್ಚಿದೆ. ಮಧ್ಯಾಹ್ನವೇ ಕರೆಂಟು ಹೋಗಿದೆ, ಮಣ್ಣಿನ ಮಾಳಿಗೆಯ ಜಂತಿಗೆ ತೂಗುಬಿದ್ದ ಫ್ಯಾನು ಅಲ್ಲಾಡದೆ ನಿಂತಿದೆ. ಮೂರು ಕೊಡ ತುಂಬಿ ಬರುವಷ್ಟರಲ್ಲಿ ಏನಾದೀತು? ಕುಂಚವನ್ನು ಪಕ್ಕಕ್ಕಿಟ್ಟು ಎದ್ದಳು.

ಬೇರೆ ದಿನಗಳಲ್ಲಿ ಕೆಲಸಕ್ಕೆ ಕೂರುವ ಮುಂಚೆ ಅವಳು ಮಾಡುತ್ತಿದ್ದ ಮೊದಲ ಕೆಲಸ ಫ್ಯಾನಿನ ಸ್ವಿಚ್ಚು ಆರಿಸುವುದು. ಆ ದಿನ ಕೂರುವ ಹೊತ್ತಿಗೆ ಫ್ಯಾನು ತಾನಾಗಿಯೇ ನಿಂತಿತ್ತು. ಕೈ ಸ್ವಿಚ್ಚಿನ ಕಡೆ ಹೋಗಲೇ ಇಲ್ಲ.

ಕೊನೆಯ ಕೊಡ ಅರ್ಧ ತುಂಬಿತ್ತು. ಓಣಿಯ ದೀಪಗಳು ಒಮ್ಮೆಲೇ ಹತ್ತಿಕೊಂಡವು. ಹುಡುಗರು "ಕರೆಂಟ್ ಬಂತೋ!" ಎಂದು ಕೇಕೆ ಹಾಕಿದರು. ರಾಜೇಶ್ವರಿಗೆ ಫ್ಯಾನಿನ ನೆನಪಾಯಿತು.

"ಗುರವ್ವಕ್ಕಾ, ಕೊಡ ನೋಡ್ರಿ!" ಎಂದವಳೇ ಓಣಿಯ ತುದಿಯ ನಳದಿಂದ ಮನೆಗೆ ಓಡಿದಳು.

ಪಡಸಾಲೆಯಲ್ಲಿ ಬಲ್ಬು ಉರಿಯುತ್ತಿತ್ತು. ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು. ಗಾಜಿನ ಪಟ್ಟಿ ಇಟ್ಟಲ್ಲೇ ಇತ್ತು, ಅದರ ಮೇಲೆ ಏನೂ ಇರಲಿಲ್ಲ. ಕೆಳಗೆ ನೋಡಿದರೆ ನೆಲ ಆಗಷ್ಟೇ ಗುಡಿಸಿದಂತೆ ಹಸನಾಗಿತ್ತು. ಸಾವಿತ್ರೆವ್ವ ಕಸಬರಿಗೆಯನ್ನು ಗೋಡೆಗೆ ಆನಿಸಿ ಇಡುತ್ತಿದ್ದಳು.

ಕಳೆದುಹೋದದ್ದು ಒಂದು ಕಣ ಮಾತ್ರವಲ್ಲ. ರಾಜೇಶ್ವರಿ ರಾಮದುರ್ಗದ ನೇಕಾರರ ಓಣಿಯಲ್ಲಿ ಬೆಳೆದವಳು. ಮಗ್ಗದಲ್ಲಿ ಎಳೆ ಹರಿದರೆ ಅದು ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿಯಬೇಕು ಎಂದು ಅಪ್ಪ ಮಡಿವಾಳೆಪ್ಪ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಳೆ ಹುರಿ ಹಾಕಿಸುತ್ತಿದ್ದ. ಸವದತ್ತಿಯಲ್ಲಿ ಬಿ.ಎಸ್ಸಿ., ಆಮೇಲೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ., ಆಮೇಲೆ ಬೈಲಹೊಂಗಲದ ನಿಂಗರಾಜನೊಂದಿಗೆ ಮದುವೆ. ಸವದತ್ತಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿ ಅವನದು. ಅವಳು ಊರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದಳು. ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕುವ ಕೆಲಸ ಅದು.

ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಿತ್ತೂರಿಗೆ ಒಂದು ಉಪನ್ಯಾಸ ಕೇಳಲು ಹೋಗಿದ್ದಳು. ಮಾತಾಡಿದವರು ಧಾರವಾಡದ ಪ್ರಾಧ್ಯಾಪಕ ಕಾಂತೇಶ. ಆಕಾಶದ ಧೂಳು ಭೂಮಿಯ ಮೇಲೆ ಎಲ್ಲ ಕಡೆಗೂ ಬೀಳುತ್ತದೆ, ಆದರೆ ಊರುಗಳಲ್ಲಿ ಮಣ್ಣು, ಮಸಿ, ಕಾರ್ಖಾನೆಯ ಕಿಡಿಗಳ ನಡುವೆ ಅದನ್ನು ಹುಡುಕುವುದು ಕಷ್ಟ. ಧ್ರುವದ ಹಿಮದಲ್ಲಿ ಬೇರೆ ಕಸವಿಲ್ಲ, ಅದಕ್ಕೇ ಅಷ್ಟು ದೂರ ಹೋಗುತ್ತೇವೆ ಎಂದು ಅವರು ಹೇಳಿದ್ದರು. ಆಗ ರಾಜೇಶ್ವರಿ ಎದ್ದು ನಿಂತಳು.

"ನಮ್ಮ ಮನಿಯವ್ರು ವೆಲ್ಡಿಂಗ್ ಮಾಡ್ತಾರ್ರಿ ಸರ್. ಅಲ್ಲಿ ಹಾರೂ ಕಿಡಿನೂ ತಣ್ಣಗಾದ್ರ ಗುಂಡಗ ಆಗ್ತಾವು. ಎರಡಕ್ಕೂ ಫರಕ್ ಹೆಂಗ ತಿಳೀಬೇಕ್ರಿ?"

"ಅದನ್ನ ತಿಳ್ಕೊಳ್ಳಾಕ ನೀವ ಬರ್ರಿ" ಎಂದಿದ್ದರು ಕಾಂತೇಶ. ಸಭೆ ನಕ್ಕಿತ್ತು. ಅವಳು ಹೋದಳು. ಅವರ ಕೈಕೆಳಗೆ ಪಿಎಚ್.ಡಿ.ಗೆ ಹೆಸರು ಹಚ್ಚಿದಳು.

ಹಿಮದ ಗಸಿಯಲ್ಲಿ ಒಂದು ಪಾಲನ್ನು ಅವಳಿಗೆ ಕೊಡುವಾಗ ಸಂಸ್ಥೆಯಲ್ಲೊಬ್ಬರು ತಕರಾರು ತೆಗೆದಿದ್ದರಂತೆ: ತಾಲ್ಲೂಕಿನ ಊರಿಗೆ ಹೋದದ್ದು ತಿರುಗಿ ಬಂದೀತೆ? ಕಾಂತೇಶ ತಾವು ಜವಾಬ್ದಾರಿ ಎಂದು ಹೇಳಿ ತಂದುಕೊಟ್ಟಿದ್ದರು. ಕಾಲೇಜು ಪರೀಕ್ಷಾ ಕೇಂದ್ರವಾಗಿ ಪ್ರಯೋಗಾಲಯಕ್ಕೆ ಬೀಗ ಬಿದ್ದಾಗ, ಸೂಕ್ಷ್ಮದರ್ಶಕವನ್ನೂ ಕಣಗಳನ್ನೂ ಮನೆಗೆ ಒಯ್ಯಲು ಒಪ್ಪಿಗೆ ಕೊಟ್ಟವರೂ ಅವರೇ. ಈಗ ಆ ತಕರಾರು ನಿಜವಾಗಿತ್ತು.

ರಾಜೇಶ್ವರಿ ಮೊದಲು ಫ್ಯಾನು ಆರಿಸಿದಳು. ಆಮೇಲೆ ಕಾಲು ಎತ್ತಿಡಲೂ ಹೆದರಿ ನಿಂತಲ್ಲಿಂದಲೇ ಕೇಳಿದಳು.

"ಅತ್ತೀ, ಕಸ ಹೊಡದ್ರೇನು?"

"ಹೊಡೀಲಾರದ ಏನ ಮಾಡ್ಲಿ? ಕರೆಂಟ್ ಬಂತು, ಫ್ಯಾನ್ ಗಿರ್ರಂತ ತಿರುಗ್ತು, ಮಾಳಗಿ ಮಣ್ಣೆಲ್ಲಾ ಉದರಿ ಬಿತ್ತು. ನಿನ್ನ ಸಾಮಾನ ಮುಟ್ಟಿಲ್ಲವಾ ನಾ. ಸುತ್ತಕಡೆ ಬಳದೇನಿ ಅಷ್ಟ."

"ಎಲ್ಲಿ ಹಾಕಿದ್ರಿ? ಹೊರಗ ಚೆಲ್ಲಿದ್ರೇನು? ಗಟಾರಕ್ಕ ಹಾಕಿದ್ರೇನು?"

ಗುರವ್ವ ತಿರುಗಿ ನೋಡುವಷ್ಟರಲ್ಲೇ ಕೊಡ ತುಂಬಿ ಹರಿದು, ನೀರು ಬಾಗಿಲ ಮುಂದಿನ ಗಟಾರದಲ್ಲಿ ಓಡುತ್ತಿತ್ತು. ಅದರ ಸಪ್ಪಳ ಒಳಗೆ ಕೇಳುತ್ತಿತ್ತು.

ಸಾವಿತ್ರೆವ್ವನ ಮುಖ ಬಿಗಿಯಿತು. "ದನಿ ಯಾಕ ಏರಸ್ತೀ? ನಾ ಏನ ನಿನ್ನ ಬಂಗಾರ ಕದ್ದೇನ?"

"ಬಂಗಾರ ಹೋಗಿದ್ರ ಅಳತಿದ್ದಿಲ್ಲರಿ ಅತ್ತಿ. ಕಸ ಎಲ್ಲೈತಿ ಹೇಳ್ರಿ."

ಮುದುಕಿ ದೇವರ ಜಗಲಿಯ ಕಡೆ ಕೈ ಮಾಡಿದಳು. ಅಲ್ಲಿ ಎಣ್ಣೆಯ ದೀಪ ಉರಿಯುತ್ತಿತ್ತು.

"ದೀಪ ಹಚ್ಚೇನಿ, ಕಾಣವಲ್ದೇನ? ದೀಪ ಹಚ್ಚಿದ ಮ್ಯಾಲ ಕಸ ಹೊರಗ ಹಾಕೂ ಮನಿ ಅಲ್ಲ ಇದು. ಹೊಡೀಲೂಬಾರದು ಖರೆ, ಆದ್ರ ಮಣ್ಣ ತುಳಕೋತ ಹೆಂಗ ಅಡ್ಡಾಡೂದು? ಮೂಲಿಗೆ ಸರಿಸೇನಿ. ಅಗಾ, ಬಾಗಲ ಹಿಂದ."

ಬಾಗಿಲ ಹಿಂದೆ ಒಂದು ಹಿಡಿ ಕಸ. ಮಣ್ಣು, ಕೂದಲು, ಜೋಳದ ತೌಡು, ಒಂದು ಮುರಿದ ಹಸಿರು ಬಳೆಯ ಚೂರು. ರಾಜೇಶ್ವರಿ ಅದರ ಮುಂದೆ ಕುಕ್ಕರಿಸಿದಳು.

ಅವಳು ಪೋಸ್ಟ್‌ಕಾರ್ಡಿನ ತುದಿಯಿಂದ ಕಸವನ್ನು ಸ್ಟೀಲಿನ ಪರಾತಕ್ಕೆ ತುಂಬುತ್ತಿರುವಾಗ ಹೊರಗೆ ಮೋಟರ್ ಸೈಕಲ್ಲು ನಿಂತ ಸದ್ದಾಯಿತು. ನಿಂಗರಾಜ ದಿನದಂತೆ ಹೊಸ್ತಿಲ ಮೇಲೆ ನಿಂತು ಅಂಗಿ ಜಾಡಿಸಲು ಕೈ ಎತ್ತಿದ.

"ಅಲ್ಲೇ ನಿಂದರ್ರಿ! ಅಂಗಿ ಝಾಡಸಬ್ಯಾಡ್ರಿ!"

ಅವನ ಕೈ ಗಾಳಿಯಲ್ಲೇ ನಿಂತಿತು. "ಯಾಕ? ಮನಿ ನಂದ ಐತೆಲ್ಲಾ?"

"ಹಿತ್ತಲಕಡೆ ಸುತ್ತಹಾಕಿ ಹೋಗ್ರಿ. ಜಳಕ ಮಾಡಿ, ಬ್ಯಾರೆ ಅಂಗಿ ಹಾಕ್ಕೊಂಡ ಒಳಗ ಬರ್ರಿ."

"ಏನ್ ಹಬ್ಬ ಐತೇನಬೇ ಇವತ್ತ?" ಎಂದು ತಾಯಿಯನ್ನು ಕೇಳಿದ.

"ಹಬ್ಬ ಅಲ್ಲೋ ತಮ್ಮಾ. ನಿನ್ನ ಹೇಣ್ತಿ ಚಿಕ್ಕಿ ಕಳಕೊಂಡಾಳ" ಎಂದಳು ಸಾವಿತ್ರೆವ್ವ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಆಕಾಶದಾಗಿನ ಚಿಕ್ಕಿ. ನಾ ಬಳದು ಮೂಲಿಗೆ ಹಾಕೇನಂತ."

ನಿಂಗರಾಜ ಜಳಕ ಮಾಡಿ ಬಂದು ವಿಷಯ ಕೇಳಿದ. ಹಳೆಯ ಸ್ಪೀಕರಿನಿಂದ ಕಿತ್ತಿಟ್ಟಿದ್ದ ಅಯಸ್ಕಾಂತವನ್ನು ಹುಡುಕಿ ತಂದುಕೊಟ್ಟ. ರಾಜೇಶ್ವರಿ ಅದಕ್ಕೆ ತೆಳುವಾದ ಪ್ಲಾಸ್ಟಿಕ್ ಸುತ್ತಿ ಕಸದ ಮೇಲೆ ಮೆಲ್ಲಗೆ ಆಡಿಸಿದಳು. ಅದು ಮೇಲೆದ್ದಾಗ ಅದರ ಕೆಳಗೆ ಕಪ್ಪು ಮೀಸೆ ಮೂಡಿತ್ತು. ಅವಳು ಅದನ್ನು ಗಾಜಿನ ಮೇಲೆ ಉದುರಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಸಿಕ್ಕೇತೇನ?"

"ನೀವ ನೋಡ್ರಿ."

ನಿಂಗರಾಜ ಬಾಗಿ ನೋಡಿದ. ಕಣ್ಣು ತುಂಬ ಗುಂಡುಗಳು. ಕಪ್ಪು, ನೀಲಿ, ಕನ್ನಡಿಯಂತೆ ಹೊಳೆಯುವವು, ಬಾಲವಿದ್ದವು, ಒಡೆದು ಟೊಳ್ಳು ಕಾಣುವವು.

"ಅಬಬಬ! ಇಷ್ಟೆಲ್ಲಾ ಚಿಕ್ಕಿ ಬಿದ್ದಾವ ನಮ್ಮ ಮನಿಯಾಗ?"

"ಚಿಕ್ಕಿ ಅಲ್ಲರಿ, ನಿಮ್ಮ ಕಿಡಿ ಇವು. ಇಷ್ಟ ವರ್ಷ ಅಂಗಿಯೊಳಗ ಹೊತಗೊಂಡ ಬಂದ ಝಾಡಿಸೀರಲ್ಲಾ, ಅವು."

ಅವನು ಮತ್ತೊಮ್ಮೆ ಬಾಗಿದ. ತನ್ನ ಕೆಲಸದ ಕಿಡಿಯನ್ನು ಆರಿದ ಮೇಲೆ ಇಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಲ್ಲ. "ಛಲೋ ಕಾಣ್ತಾವಲ್ಲ" ಎಂದ. ಹೆಂಡತಿಯ ಮುಖ ನೋಡಿ ಪಕ್ಕಕ್ಕೆ ಸರಿದ.

ಬಲ್ಬಿನ ಹಳದಿ ಬೆಳಕಿನಲ್ಲಿ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಅವಸರದಲ್ಲಿ ಕುಂಚ ಹಿಡಿದರೆ ಇದ್ದದ್ದೂ ಹೋದೀತು. ರಾಜೇಶ್ವರಿ ಕಪ್ಪು ಗುಂಡುಗಳನ್ನೂ ಮಿಕ್ಕ ಕಸವನ್ನೂ ಬೇರೆಬೇರೆ ಡಬ್ಬಿಗಳಲ್ಲಿ ಮುಚ್ಚಿಟ್ಟು, ಬೆಳಗಿನ ಬೆಳಕಿಗೆ ಕಾಯುವುದೆಂದು ಮಾಡಿದಳು.

ಬೆಳಕು ಹರಿಯುವಾಗ ನಿಂಗರಾಜ ಯಾರೂ ಹೇಳದಿದ್ದರೂ ಮನೆಯ ಫ್ಯೂಜನ್ನೇ ಕಿತ್ತು ಜೇಬಿನಲ್ಲಿಟ್ಟುಕೊಂಡ. ಸಾವಿತ್ರೆವ್ವ ಅಂಗಳಕ್ಕೆ ನೀರು ಹೊಡೆಯುವುದನ್ನೂ ಬಿಟ್ಟು, ತಲೆಬಾಗಿಲಲ್ಲಿ ಅಡ್ಡ ಕುಳಿತಳು. ಹಾಲಿನವನಿಗೂ ಒಳಗೆ ಬರಲು ಅಪ್ಪಣೆಯಿರಲಿಲ್ಲ.

ರಾಜೇಶ್ವರಿಯ ಬಳಿ ಇದ್ದ ಆಧಾರ ಒಂದೇ. ಹಿಂದಿನ ದಿನ ಸೂಕ್ಷ್ಮದರ್ಶಕಕ್ಕೆ ಮೊಬೈಲು ಹಿಡಿದು ತೆಗೆದ ಒಂದು ಫೋಟೊ. ಗುಂಡು, ಬದಿಗೆ ಮೂಗುಬಟ್ಟು, ಅದರ ಬುಡದಲ್ಲಿ ಉಗುರಿನಿಂದ ಒತ್ತಿದಂಥ ಒಂದು ತಗ್ಗು. ಬಾಲವಿದ್ದ ಗುಂಡುಗಳನ್ನು ಕುಂಚದಿಂದ ಸರಿಸಿದಳು. ಒಡೆದವನ್ನು ಸರಿಸಿದಳು. ನೀಲಿ ಮಿಂಚಿನವನ್ನು ಸರಿಸಿದಳು. ಸೂರ್ಯ ಎದುರುಮನೆಯ ಮಾಳಿಗೆಯನ್ನು ಏರುವ ಹೊತ್ತಿಗೆ ಗಾಜಿನ ಮೇಲೆ ಎರಡು ಉಳಿದಿದ್ದವು.

ಒಂದಕ್ಕೆ ಹೊಳೆಯುವ ಮೂಗುಬಟ್ಟು ಸ್ಪಷ್ಟವಾಗಿ ಕಾಣುತ್ತಿತ್ತು, ಬುಡದ ತಗ್ಗು ಮಾತ್ರ ಆ ಮಗ್ಗುಲಿನಿಂದ ಕಾಣುತ್ತಿರಲಿಲ್ಲ. ಇನ್ನೊಂದರ ಮೈಗೆ ನೆಲ ಸಾರಿಸಿದ ಸಗಣಿಯ ತೆಳುವಾದ ಹೊರೆ ಹತ್ತಿತ್ತು. ಅದರಡಿ ಏನೋ ಉಬ್ಬು ಇದ್ದ ಹಾಗಿತ್ತು, ಇಲ್ಲದ ಹಾಗೂ ಇತ್ತು. ತಿಕ್ಕಿ ತೊಳೆಯಲು ಅವಳಿಗೆ ಧೈರ್ಯ ಬರಲಿಲ್ಲ.

ನಿಂಗರಾಜ ಫೋಟೊ ನೋಡಿದ, ಗಾಜು ನೋಡಿದ. "ಇದ ಐತಿ" ಎಂದ, ಹೊಳೆಯುವುದನ್ನು ತೋರಿಸಿ. "ಇದನ್ನ ಹಚ್ಚಿಕೊಂಡ ನಡೀ. ಅದನ್ನ ಬಿಡು, ನನ್ನ ಕಿಡೀನ ಅದು."

"ಎರಡೂ ಒಯ್ದರ ಯಾಕ ಅಂತ ಕೇಳ್ತಾರ ಕಾಂತೇಶ ಸರ್. ಬಿದ್ದದ್ದ ಹೇಳಬೇಕಾಗ್ತೈತಿ."

"ಅದಕ್ಕ ಹೇಳಿದ್ನಲ್ಲ, ಒಂದ ಒಯ್ಯಿ. ಬಿದ್ದೇತಂತ ಆ ಗುಂಡಿನ ಮ್ಯಾಲ ಬರದೈತೇನ?"

"ಒಮ್ಮೆ ನೆಲಕ್ಕ ಬಿದ್ದದ್ದ ಅಂದ್ರ ಇನ್ನ ಮುಂದ ನನಗ ಏನೂ ಕೊಡಂಗಿಲ್ಲರಿ ಸಂಸ್ಥೆಯವ್ರು."

"ಅದನ್ನ ನಾನೂ ಹೇಳಾಕತ್ತೇನಿ."

ಬಾಗಿಲಲ್ಲಿ ಕುಳಿತ ಸಾವಿತ್ರೆವ್ವ ಇತ್ತ ತಿರುಗಲಿಲ್ಲ. "ಲಗೂನ ಏನರ ಮಾಡ್ರಿ. ಬಸ್ ಹೋಗ್ತೈತಿ" ಎಂದಳು.

ರಾಜೇಶ್ವರಿ ಹೊಳೆಯುವ ಗುಂಡನ್ನು ಬಿಲ್ಲೆಯ ನಡುವೆ ಕೂರಿಸಿದಳು. ಕುಂಚವನ್ನು ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಕೊಳೆ ಹತ್ತಿದ ಗುಂಡನ್ನೂ ಎತ್ತಿ ಅಂಚಿನಲ್ಲಿ ಕೂರಿಸಿದಳು.

ಕಿತ್ತೂರಿನ ಮೇಲೆ ಹಾದುಹೋಗುವ ಬಸ್ಸಿನಲ್ಲಿ ಬಿಲ್ಲೆಯಿದ್ದ ಡಬ್ಬಿಯನ್ನು ಮಡಿಲಲ್ಲಿಟ್ಟು ಎರಡೂ ಕೈಯಿಂದ ಹಿಡಿದಿದ್ದಳು. ಅತ್ತೆ ಕಟ್ಟಿಕೊಟ್ಟ ರೊಟ್ಟಿಯ ಗಂಟು ಕಾಲ ಬಳಿ ಬಿದ್ದಿತ್ತು. ತೀರ್ಮಾನ ಇನ್ನೂ ಮುಗಿದಿರಲಿಲ್ಲ. ಅಂಚಿನ ಗುಂಡನ್ನು ಸೂಜಿಯ ಮೊನೆಯಿಂದ ಕಿತ್ತೆಸೆಯುವುದು ಧಾರವಾಡದ ನಿಲ್ದಾಣದಲ್ಲಿ ಕೂಡ ಸಾಧ್ಯವಿತ್ತು. ಕಿತ್ತೂರಿನಲ್ಲಿ, ಹಿಂದೊಮ್ಮೆ ಎದ್ದು ನಿಂತು ಪ್ರಶ್ನೆ ಕೇಳಿದ್ದ ಸಭಾಂಗಣ ಕಿಟಕಿಯ ಹೊರಗೆ ಬಂತು, ಹಿಂದೆ ಸರಿಯಿತು. ಫರಕ್ ಹೆಂಗ ತಿಳೀಬೇಕ್ರಿ? ಆ ಪ್ರಶ್ನೆ ಈಗ ಅವಳ ಮಡಿಲಲ್ಲಿ ಕುಳಿತಿತ್ತು.

ಪ್ರಯೋಗಾಲಯದ ಹೊರಗೆ ಕಾಂತೇಶ ಕಾಯುತ್ತಿದ್ದರು. ಅವರು "ಬರ್ರಿ, ಬರ್ರಿ" ಎನ್ನುತ್ತಿದ್ದಂತೆಯೇ ಅವಳು ನಿಂತುಬಿಟ್ಟಳು.

"ಸರ್, ಕಣ ನೆಲಕ್ಕ ಬಿದ್ದಿತ್ರಿ. ಕಸದಾಗಿಂದ ಹೆಕ್ಕಿ ತಂದೇನಿ. ಎರಡ ಅದಾವು. ಯಾವುದಂತ ನನಗ ಖಾತ್ರಿ ಇಲ್ಲ."

ನೀರು, ಫ್ಯಾನು, ಕಸಬರಿಗೆ ಎಲ್ಲವನ್ನೂ ಹೇಳಿದಳು. ಕಾಂತೇಶ ಕನ್ನಡಕ ತೆಗೆದು ಒರೆಸಿದರು. ಅವರು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

"ವೆಲ್ಡಿಂಗ್ ಮಾಡೋರ ಮನಿ ಕಸ" ಎಂದರು ಕೊನೆಗೆ. "ಆತು. ಯಂತ್ರದ ಹೊತ್ತು ಹೋಗೂದು ಬ್ಯಾಡ. ಮೊದಲ ನೋಡೂಣು."

ಯಂತ್ರದೊಳಗಿನ, ಗಾಳಿ ತೆಗೆದ ಪುಟ್ಟ ಗೂಡಿಗೆ ಬಿಲ್ಲೆ ಸೇರಿತು. ಪರದೆಯ ಮೇಲೆ ನಡುವಿನ ಗುಂಡು ಕುಂಬಳಕಾಯಿಯಷ್ಟು ದೊಡ್ಡದಾಗಿ ಕಾಣಿಸಿತು. ಯಂತ್ರ ಅದರ ಧಾತುಗಳನ್ನು ಗೆರೆಗಳಾಗಿ ಬರೆಯತೊಡಗಿತು. ವೆಲ್ಡಿಂಗಿನ ಕಿಡಿಯಾದರೆ ಕಬ್ಬಿಣದ ಜೊತೆ ಮ್ಯಾಂಗನೀಸಿನ ಗೆರೆ ಏಳಬೇಕು. ಆಕಾಶದ್ದಾದರೆ ನಿಕಲ್ಲಿನದು. ಕಬ್ಬಿಣದ ಗೆರೆ ಎದ್ದಿತು. ಮ್ಯಾಂಗನೀಸಿನ ಜಾಗ ಸಪಾಟಾಗಿಯೇ ಉಳಿಯಿತು. ಹೊಳೆಯುವ ಚುಕ್ಕೆಯ ಮೇಲೆ ಕಿರಣ ಬಿಟ್ಟಾಗ, ನಿಕಲ್ಲಿನ ಗೆರೆ ಕಡ್ಡಿ ನಿಲ್ಲಿಸಿದಂತೆ ನಿಂತಿತು.

ರಾಜೇಶ್ವರಿಯ ಮುಖ ಅರಳಿತು. ಕಾಂತೇಶರ ಮುಖವೂ ಸಡಿಲಾಯಿತು. "ಸಿಕ್ತಲ್ಲ. ಇನ್ನೊಂದು ನೋಡೂದ ಬ್ಯಾಡೇನು?" ಎಂದರು.

"ತಂದೇನಲ್ರಿ ಸರ್. ನೋಡೇಬಿಡೂಣು."

ಅಂಚಿನ ಗುಂಡು ಪರದೆಗೆ ಬಂತು. ಕೊಳೆಯ ಹೊರೆಯ ನಡುವೆ ಬರಿ ಮೈ ಕಂಡ ಕಡೆ ಕಿರಣ ಬಿಟ್ಟರು. ಕಬ್ಬಿಣ. ಮ್ಯಾಂಗನೀಸ್ ಇಲ್ಲ. ತುಸು ಸರಿಸಿದರು. ನಿಕಲ್ಲಿನ ಗೆರೆ ಎದ್ದು ನಿಂತಿತು.

ಹಿಮದಿಂದ ಬಂದ ಗುಂಡು ಒಂದೇ. ಪರದೆಯ ಮೇಲೆ ಆಕಾಶದ ಗುಂಡುಗಳು ಎರಡು.

"ಮಾಳಗಿ ಮನಿ ಏನ್ರಿ ನಿಮ್ಮದು?" ಕಾಂತೇಶ ಮೆಲ್ಲಗೆ ಕೇಳಿದರು.

"ಹೌದ್ರಿ. ಮಣ್ಣಿನ ಮ್ಯಾಲ್ಮುದ್ದಿ. ನಮ್ಮ ಅತ್ತಿಯವ್ರ ಮಾವ ಕಟ್ಟಿಸಿದ್ದು." ಹೇಳುತ್ತಿದ್ದಂತೆಯೇ ಅವಳಿಗೆ ಹೊಳೆಯಿತು. ತಲೆಮಾರುಗಳ ಕಾಲ ಮನೆಯ ಚಾವಣಿಯಾಗಿ ಆಕಾಶಕ್ಕೆ ಮೈ ಒಡ್ಡಿ ಮಲಗಿದ ಮಣ್ಣು. ಫ್ಯಾನು ತಿರುಗಿದಾಗ ಉದುರಿದ್ದು ಅದೇ ಮಣ್ಣು. ಈ ಎರಡರಲ್ಲೊಂದು ಕಣ ಎಂದೋ ಆ ಮಾಳಿಗೆಯ ಮೇಲೇ ಬಿದ್ದದ್ದು.

"ಹಂಗಾದ್ರ ಹಿಮದ್ದು ಯಾವುದು, ಮಾಳಗೀದು ಯಾವುದು?" ಎಂದರು ಕಾಂತೇಶ.

ಅವಳು ಮೊಬೈಲಿನ ಫೋಟೊ ತೆಗೆದು ಪರದೆಯ ಪಕ್ಕಕ್ಕೆ ಹಿಡಿದಳು. ಮೂಗುಬಟ್ಟಿನ ಬುಡದ ತಗ್ಗು ಕಾಣಬೇಕಾದರೆ ಗುಂಡನ್ನು ಬದಿಯಿಂದ ನೋಡಬೇಕು. ಅಂಟಿದ ಗುಂಡು ತಿರುಗುವುದಿಲ್ಲ. ಬಿಲ್ಲೆಯನ್ನೇ ಓರೆ ಮಾಡುವುದೊಂದೇ ದಾರಿ. ಯಂತ್ರ ನಡೆಸುವವರು ಚಕ್ರ ತಿರುಗಿಸಿದರು. ನಡುವಿನ ಗುಂಡು ಮೆಲ್ಲಗೆ ಹೊರಳಿದಂತೆ ಕಂಡಿತು. ಚುಕ್ಕೆಯ ಬುಡ ನುಣ್ಣಗಿತ್ತು. ತಗ್ಗಿರಲಿಲ್ಲ. ಅದರ ಹಿಂಬದಿಯಲ್ಲಿ, ಮೇಲಿನಿಂದ ಕಾಣದಿದ್ದ ಕಡೆ, ತುಕ್ಕು ತಿಂದ ಹಕ್ಕಳೆಗಳಿದ್ದವು. ಎಷ್ಟೋ ಮಳೆಗಾಲ ಕಂಡ ಕಬ್ಬಿಣ ಅದು.

ಅಂಚಿನ ಗುಂಡನ್ನು ಓರೆ ಮಾಡಿದರು. ಸಗಣಿಯ ಹೊರೆಯ ಅಂಚು ದಾಟಿ, ಚುಕ್ಕೆಯ ಬುಡದಲ್ಲಿ ಉಗುರು ಒತ್ತಿದಂಥ ತಗ್ಗು ಕತ್ತಲಾಗಿ ಕಾಣಿಸಿತು.

ರಾಜೇಶ್ವರಿ ಫೋಟೊವನ್ನೂ ಪರದೆಯನ್ನೂ ಮತ್ತೊಮ್ಮೆ ನೋಡಿದಳು. ಬೆಳಿಗ್ಗೆ ಗಾಜಿನ ಮೇಲೆ ಬಿಟ್ಟುಬರಬೇಕೆಂದಿದ್ದದ್ದು, ಬಸ್ಸಿನಲ್ಲಿ ಕಿತ್ತೆಸೆಯಬೇಕೆಂದಿದ್ದದ್ದು ಅದೇ. ಒಂದನ್ನೇ ತಂದು ಸುಮ್ಮನಿದ್ದಿದ್ದರೆ, ಬೈಲಹೊಂಗಲದ ಮಾಳಿಗೆಯ ಕಣ ಅಂಟಾರ್ಕ್ಟಿಕಾದ ಹೆಸರಿನಲ್ಲಿ ಅವಳ ಪ್ರಬಂಧ ಸೇರುತ್ತಿತ್ತು.

ಹೊರಗೆ ಬಂದ ಮೇಲೆ ಕಾಂತೇಶ ಹೇಳಿದರು: "ನೆಲಕ್ಕ ಬಿದ್ದದ್ದು, ಕಸದಾಗ ಸಿಕ್ಕದ್ದು, ಎಲ್ಲಾ ಪ್ರಬಂಧದಾಗ ಬರೀಬೇಕು. ಸಂಸ್ಥೆಗೂ ನಾ ಹೇಳೂದಲ್ಲ, ನೀವ ಹೇಳ್ರಿ."

"ಹೇಳ್ತೇನ್ರಿ ಸರ್."

"ಉಳದ ಕಣ ಇನ್ನ ಮನಿಗೆ ಒಯ್ಯೂದು ಬ್ಯಾಡ. ಇಲ್ಲೇ ಬಂದು ಕೆಲಸ ಮಾಡ್ರಿ. ರಜಾ ದಿನಾನೂ ಬರಬೇಕಾದೀತು."

"ಬರ್ತೇನ್ರಿ." ಅಷ್ಟು ದೂರದ ಬಸ್ಸು, ಕಾಲೇಜಿನ ಪಾಠ, ಮನೆಯ ನೀರು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಆದರೂ ಇನ್ನು ಕಣ ಕೊಡುವುದಿಲ್ಲ ಎಂದು ಅವರು ಹೇಳಿರಲಿಲ್ಲ.

ಸಂಜೆ ಅವಳು ಮನೆ ಸೇರುವಾಗ ದೇವರ ಜಗಲಿಯಲ್ಲಿ ದೀಪ ಹತ್ತಿತ್ತು. ನಿಂಗರಾಜ ಹಿತ್ತಲಿನಿಂದ ಒಳಗೆ ಬಂದಿದ್ದ, ತಲೆ ಇನ್ನೂ ಹಸಿಯಾಗಿತ್ತು. ಅವಳು ಇಬ್ಬರಿಗೂ ನಡೆದದ್ದನ್ನು ಹೇಳಿದಳು. ಅವನು ತಲೆ ಕೆರೆದುಕೊಂಡ.

ಸಾವಿತ್ರೆವ್ವ ತಲೆ ಎತ್ತಿ ಮಾಳಿಗೆಯ ಜಂತಿಗಳನ್ನು ನೋಡಿದಳು. "ಅಷ್ಟ ದೂರ ಐಸ್ ಅಗಿಯಾಕ ಯಾಕ ಹೋಗಿದ್ರಂತ ಅವ್ರು?" ಎಂದಳು.

"ಅಲ್ಲಿ ಕಸ ಇರಂಗಿಲ್ಲಂತ ಅತ್ತಿ."

"ಹೂಂ. ಅಲ್ಲಿ ಕಸ ಹೊಡಿಯಾವ್ರ ಇಲ್ಲ ಅನ್ನು."

ರಾಜೇಶ್ವರಿ ನಗುತ್ತ ಬಾಗಿಲ ಹಿಂದೆ ನೋಡಿದಳು. ಅಲ್ಲಿ ಆ ದಿನದ ಕಸ ಒಂದು ಹಳೆಯ ಡಬ್ಬಿಯಲ್ಲಿತ್ತು, ಮುಚ್ಚಳ ಬಿಗಿದಿತ್ತು.

"ಮುಂಜಾನಿ ಚೆಲ್ಲಬೇಕಂದ್ನಿ" ಎಂದಳು ಸಾವಿತ್ರೆವ್ವ, ಬೇರೆ ಕಡೆ ನೋಡುತ್ತ. "ಆಮ್ಯಾಲ ನಿನ್ನ ಕೇಳಿ ಚೆಲ್ಲೂದು ಛಲೋ ಅಂತ ಇಟ್ಟೇನಿ."